ಆರು ಜನಕ್ಕೆ ಒಂದೇ ಡೇರೆ

ಡೇರೆ ಕೊಳ್ಳುವುದೆಂದರೆ ಛತ್ರಿ ಕೊಂಡಷ್ಟೇ ಸುಲಭ ಎಂದು ನಮ್ಮವರು ತಿಳಿದಿದ್ದರು. ಅವರು ಅಂಥದ್ದು ಬಹಳ ತಿಳಿದಿರುತ್ತಾರೆ. ಮುಂಬಯಿಯ ಘಾಟ್ಕೋಪರಿನ ಈ ಮನೆಯಲ್ಲಿ ಒಂದು ದಿನವೂ ರೊಟ್ಟಿ ಬಡಿಯದೆ, ರೊಟ್ಟಿಯ ಬಗ್ಗೆ ಮಾತ್ರ ದಿನಕ್ಕೊಂದು ತಕರಾರು ತೆಗೆಯುತ್ತ ಬಂದವರು. "ಬಿಸಿ ರೊಟ್ಟಿ ಸ್ಟೀಲ್ ಡಬ್ಬಿಯಾಗ ಹಾಕಿ ಮುಚ್ಚಬ್ಯಾಡ ಅಂತ ಎಷ್ಟ ಸಲ ಹೇಳಬೇಕು ನಿನಗ" ಎನ್ನುವುದು ನಮ್ಮ ಮನೆಯ ಸುಪ್ರಭಾತ. ನಾನು ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವವಳು. ರೊಟ್ಟಿ ಆರಲಿ ಎಂದು ನಾನು ಕಾದರೆ ಲೋಕಲ್ ನನಗಾಗಿ ಕಾಯುತ್ತದೆಯೇ? ಹಾಗಾಗಿ ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಅದೇ ಮಾತು ಒಂದು ದಿನ ನನ್ನ ಮಾನ ಉಳಿಸೀತೆಂದು ಯಾರಿಗೆ ಗೊತ್ತಿತ್ತು.

ನಾವು ಆರು ಜನ ಹೆಂಗಸರು, ಲೇಡೀಸ್ ಡಬ್ಬಾದ ಗೆಳತಿಯರು. ಒಂದೇ ಲೋಕಲ್, ಒಂದೇ ಡಬ್ಬಾ, ಬಾಗಿಲ ಪಕ್ಕದ ಅದೇ ಮೂಲೆ. ಡೊಂಬಿವಲಿಯಲ್ಲಿ ವಿಜಾಪುರದವಳು ಹತ್ತಿ, ಕರವಸ್ತ್ರ ಹಾಸಿ ಜಾಗ ಹಿಡಿಯುತ್ತಾಳೆ. ಆಮೇಲೆ ಬೆಳಗಾವಿಯ ಅಕ್ಕತಂಗಿಯರು, ಮಂಗಳೂರಿನವಳು, ಒಬ್ಬ ಮರಾಠಿ ಗೆಳತಿ. ಕೊನೆಗೆ ಘಾಟ್ಕೋಪರಿನಲ್ಲಿ ನಾನು. ನಾನು ಹತ್ತಿದ ಮೇಲೆ ಆರೂ ಜನ ಪೂರ್ತಿಯಾಗುತ್ತೇವೆ, ದಾದರ್ ಬಂದ ಕೂಡಲೇ ಒಬ್ಬಳು ಕಡಿಮೆಯಾಗುತ್ತೇವೆ. ದಾದರಿನಲ್ಲಿ ಇಳಿಯುವವಳು ವಿಜಾಪುರದವಳು, ಅಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಅವಳ ಕೆಲಸ. ನಮ್ಮ ಎಲ್ಲರ ಹುಟ್ಟುಹಬ್ಬ, ದಸರಾ ಪೂಜೆ, ಸಂಕ್ರಾಂತಿಯ ಎಳ್ಳುಬೆಲ್ಲ, ಅತ್ತೆಯ ಮೇಲಿನ ಸಿಟ್ಟು, ಎಲ್ಲವೂ ಘಾಟ್ಕೋಪರಿನಿಂದ ದಾದರಿನೊಳಗೆ ಮುಗಿಯಬೇಕು.

ಮುಗಿಯುತ್ತಿರಲಿಲ್ಲ, ಅದೇ ಸಂಕಟ. ಯಾವ ಕಥೆ ಶುರು ಮಾಡಿದರೂ ಅವಳು ನಡುವೆ ಎದ್ದು ಸೆರಗು ಸಿಕ್ಕಿಸಿ "ಉಳಿದದ್ದ ನಾಳೆ" ಎಂದು ಇಳಿದುಬಿಡುತ್ತಿದ್ದಳು. ನಾಳೆಗೆ ನಾಳೆಯದೇ ಬೇರೆ ಕಥೆ ಇರುತ್ತಿತ್ತು. ಧಾರವಾಡದಲ್ಲಿ ನನ್ನ ಮದುವೆಯ ದಿನ ಮದುಮಗನೇ ಕಾಣೆಯಾದ ಕಥೆ ಅವಳಿಗೆ ಎಷ್ಟೋ ವರ್ಷದಿಂದ ಅರ್ಧ ಮಾತ್ರ ಗೊತ್ತು. ಮುಹೂರ್ತ ಹತ್ತಿರ ಬಂತು, ಹುಡುಗ ಮಾತ್ರ ಎಲ್ಲೂ ಇಲ್ಲ, ಅನ್ನುವಷ್ಟರಲ್ಲಿ ದಾದರ್ ಬರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಆ ಮದುಮಗನೇ ಪಕ್ಕದಲ್ಲಿ ಕೂತು ಟಿವಿ ನೋಡುತ್ತಿರುತ್ತಾನೆ.

ಈ ಸಲ ಮಳೆಗಾಲ ಶುರುವಾದಾಗ ಅವಳು ಒಂದು ಸುದ್ದಿ ತಂದಳು. ಗಂಡನಿಗೆ ನಿವೃತ್ತಿಯಾಗಿತ್ತು, ಅವಳೂ ಕೆಲಸ ಬಿಡುವವಳಿದ್ದಳು. ಗಣಪತಿ ಹಬ್ಬಕ್ಕೆ ಮೊದಲೇ ಮನೆ ಖಾಲಿ ಮಾಡಿ ಇಬ್ಬರೂ ಕಾಯಂ ಆಗಿ ವಿಜಾಪುರಕ್ಕೆ. ಅವಳೇ ಮುಂದುವರಿಸಿದಳು.

"ನನಗ ಒಂದ ಆಸೆ ಐತಿ. ಹೋಗೂದ್ರಾಗ ಒಂದ ರಾತ್ರಿ ಆರೂ ಮಂದಿ ಕೂಡಿ ಮಲಗಬೇಕು. ನಡುವ ಯಾರೂ ಇಳೀಬಾರ್ದು."

ಬೆಳಗಾವಿಯ ಅಕ್ಕ ರಿಸಾರ್ಟಿನ ಮಾತು ತೆಗೆದಳು. ವಿಜಾಪುರದವಳು ತಲೆಯಾಡಿಸಿದಳು. "ಅಲ್ಲಿ ಇಬ್ಬಿಬ್ಬರಿಗೆ ಒಂದೊಂದ ರೂಮ್ ಕೊಡ್ತಾರ. ಮತ್ತ ಅಲ್ಲೂ ಬ್ಯಾರೆ ಬ್ಯಾರೆ ಸ್ಟೇಷನ್ನ."

ನಮ್ಮ ನಮ್ಮ ಮನೆಗಳಲ್ಲಿ ಆರು ಜನ ಮಲಗಬೇಕೆಂದರೆ ಗಂಡಂದಿರನ್ನು ಮನೆಯ ಹೊರಗಿನ ಗ್ಯಾಲರಿಯಲ್ಲಿ ನಿಲ್ಲಿಸಬೇಕು. ಆಗ ಮರಾಠಿ ಗೆಳತಿ ತನ್ನ ತಮ್ಮನ ತೋಟದ ನೆನಪು ಮಾಡಿದಳು. ಬದಲಾಪುರದ ಆಚೆ ಇದೆ, ಪಂಪಿನ ಕೋಣೆ, ನಲ್ಲಿ, ಸಂಡಾಸು ಎಲ್ಲ ಇದೆ, ಮಲಗಲು ಮನೆ ಮಾತ್ರ ಇಲ್ಲ. "ಹಾಗಾದ್ರ ಟೆಂಟ್ ಹಾಕೂಣು," ಎಂದೆ ನಾನು. "ಆರೂ ಮಂದಿಗೆ ಒಂದ ಟೆಂಟ್."

ಬಾಯಿಂದ ಬಂದದ್ದೇನೋ ಬಂತು. ಆದರೆ ವಿಜಾಪುರದವಳಿಗೆ ದಮ್ಮಿನ ಕಾಯಿಲೆ. ಮಳೆಗಾಲದ ಥಂಡಿ ತಾಗಿದರೆ ಎದೆಯಲ್ಲಿ ಸೀಟಿ ಹೊಡೆದಂತೆ ಉಸಿರು ಕೇಳುತ್ತದೆ. ಅವಳ ಗಂಡ ನನಗೆ ತಾವಾಗಿಯೇ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ.

"ವೈನಿ, ಹಸಿ ಹಾಸಿಗಿ ತಾಗಿದ್ರ ಸಾಕು, ಆಕಿ ಎದಿ ಕಟ್ಟತೈತಿ. ನಿಮ್ಮ ಟೆಂಟಿನಾಗ ಒಂದ ಹನಿ ಬಿದ್ರೂ ನಾ ಕಳಸಂಗಿಲ್ಲ."

"ಬೀಳೂದಿಲ್ಲ ಅಣ್ಣಾರ. ನನ್ನ ಮಾತು," ಎಂದೆ. ಡೇರೆಯನ್ನು ನಾನು ಆವರೆಗೆ ಮದುವೆ ಮನೆಯ ಅಡಿಗೆಯವರ ಹತ್ತಿರ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ಮುಂದಿನ ಶನಿವಾರ ಮೆಟ್ರೋ ಹಿಡಿದು ಅಂಧೇರಿಗೆ ಹೋದೆವು, ನಾನು, ವಿಜಾಪುರದವಳು, ಮಂಗಳೂರಿನವಳು. ಮಂಗಳೂರಿನವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷೆ ಮಾಡುವವಳು. ಅವಳ ಕಣ್ಣು ತಪ್ಪಿಸಿ ಒಂದು ಗುಂಡಿ ಸಡಿಲವಾಗಿ ಹೋಗಲಾರದು. ಅಂಗಡಿಯವನು ಮೊದಲು ತೋರಿಸಿದ್ದು ಎತ್ತಿ ಎಸೆದರೆ ತಾನೇ ಬಿಚ್ಚಿಕೊಳ್ಳುವ ಡೇರೆ. "ಫುಲ್ ವಾಟರ್‌ಪ್ರೂಫ್ ಹೈ ಆಂಟಿ, ಟೆನ್ಶನ್ ಮತ್ ಲೋ" ಎಂದ. ತಾನೇ ಬಿಚ್ಚಿಕೊಳ್ಳುವುದು ಗಾಳಿಗೆ ತಾನೇ ಮಡಚಿಕೊಂಡರೆ ಏನು ಮಾಡುವುದು? ಗಳಗಳು ಕಡ್ಡಿಯ ಹಾಗಿದ್ದವು. ಬಟ್ಟೆ ಒಂದೇ ಪದರ.

"ಇಂವಾ ಏಸಿಯಾಗ ಬೆಳದಾನ. ಮಳಿ ಅಂದ್ರೇನಂತ ಇಂವಗೇನ ಗೊತ್ತು," ಎಂದೆ ಗೆಳತಿಯರಿಗೆ.

"ನಿಪ್ಪಾಣಿಯಾಂವ ಅದೀನ್ರಿ ಅಕ್ಕಾರ," ಎಂದ ಅವನು. "ಮಳಿ ಗೊತ್ತೈತ್ರಿ."

ಮಂಗಳೂರಿನವಳು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟಳು. ನಾನು ಮುಖ ಬಿಗಿದುಕೊಂಡೇ ಒಂದು ಬಾಟಲಿ ನೀರು ಕೇಳಿದೆ. ಶ್ರೀಖಂಡಕ್ಕೆ ಮೊಸರು ಕಟ್ಟಿ ತೂಗುಹಾಕುವ ಮನೆಯವರು ನಾವು, ಯಾವ ಬಟ್ಟೆ ನೀರು ಬಿಡುತ್ತದೆ, ಯಾವುದು ಹಿಡಿಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಡೇರೆಯ ಒಂದು ಮೂಲೆಯನ್ನು, ಹೊಲಿಗೆ ಸರಿಯಾಗಿ ನಡುವೆ ಬರುವಂತೆ, ಮೊಸರಿನ ಗಂಟಿನ ಹಾಗೆ ಹಿಡಿದು ನೀರು ಹೊಯ್ದೆ. ಬಟ್ಟೆ ತಡೆಯಿತು, ಹೊಲಿಗೆ ತಡೆಯಲಿಲ್ಲ. ಸೂಜಿ ಚುಚ್ಚಿದ ಒಂದೊಂದು ತೂತಿನಿಂದಲೂ ಹನಿ ಇಳಿಯಿತು.

"ಇದು ಟೆಂಟ್ ಅಲ್ಲ ಮಾರಾಯ, ಜರಡಿ," ಎಂದಳು ಮಂಗಳೂರಿನವಳು.

ಅಂಗಡಿಯ ಹುಡುಗನ ಮುಖದಲ್ಲಿ ಈಗ ಬೇರೆ ಕಳೆ ಬಂತು. ಅಟ್ಟದ ಮೇಲಿನಿಂದ ಒಂದು ಭಾರದ ಚೀಲ ಇಳಿಸಿದ. ಇದಕ್ಕೆ ಎರಡು ಪದರ, ಒಳಗೊಂದು ಕೋಣೆ, ಅದರ ಮೇಲೆ ನೆಲದ ತನಕ ಇಳಿಯುವ ಹೊದಿಕೆ. ಹೊಲಿಗೆಗಳ ಮೇಲೆಲ್ಲ ಒಳಗಿನಿಂದ ಪಟ್ಟಿ ಅಂಟಿಸಿದ್ದರು. ಮಂಗಳೂರಿನವಳು ಕನ್ನಡಕ ಏರಿಸಿ ಆ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಲು ನೋಡಿದಳು, ಏಳಲಿಲ್ಲ. ನೆಲದ ಬಟ್ಟೆ ನಾಲ್ಕೂ ಕಡೆ ಗೇಣುದ್ದ ಮೇಲೆದ್ದು ಹಿಟ್ಟು ನಾದುವ ಪರಾತದ ಹಾಗಿತ್ತು, ಹೊರಗೆ ನೀರು ಹರಿದರೂ ಒಳಗೆ ಬರಬಾರದು ಎಂದು. ಗಳಗಳು ಅಲ್ಯೂಮಿನಿಯಮ್, ಬಗ್ಗಿಸಿದರೆ ಬಗ್ಗಿ ಬಿಟ್ಟರೆ ನೆಟ್ಟಗಾದವು. ಅದೇ ಮೊಸರುಗಂಟಿನ ಪರೀಕ್ಷೆ ಮಾಡಿದೆ. ನೀರು ಗಂಟಿನಲ್ಲೇ ನಿಂತಿತು. ವಿಜಾಪುರದವಳು ಕೆಳಗೆ ಅಂಗೈ ಹಿಡಿದುಕೊಂಡು ಕಾದಳು, ಕಾದಳು, ಆಮೇಲೆ ಒಣ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿದಳು.

ಎಂಟು ಜನ ಮಲಗುವ ಅಳತೆ. ಆರು ಜನಕ್ಕೆ ಆರರದ್ದೇ ತಗೊಂಡರೆ ಚೀಲ, ಚಾದರ, ಚಪ್ಪಲಿ ಎಲ್ಲಿಡಬೇಕು? ಅದನ್ನೇ ಗೊತ್ತು ಮಾಡಿದೆ. ನನಗೆ ಸರಿಬರದದ್ದು ಒಂದೇ. ನೆತ್ತಿಯ ಹತ್ತಿರ ಎರಡು ಗಾಳಿಕಿಂಡಿ ಇದ್ದವು. ಮಳೆಗಾಲದ ಡೇರೆಗೆ ಕಿಂಡಿ ಯಾಕೆ?

"ಇವನ್ನ ಮುಚ್ಚಲಿಕ್ಕೆ ಬರ್ತದೇನು?" ಎಂದು ಕೇಳಿದೆ.

"ಬರ್ತೈತ್ರಿ ಅಕ್ಕಾರ, ಆದ್ರ..." ಎಂದ ಹುಡುಗ.

ಅಷ್ಟರಲ್ಲಿ ನಾನು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಾಗಿತ್ತು. ಅವನ ಆ "ಆದ್ರ" ಅಂಗಡಿಯಲ್ಲೇ ಉಳಿಯಿತು.

ಭಾನುವಾರ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಪರೀಕ್ಷೆ ಇಟ್ಟುಕೊಂಡೆವು. ಆರೂ ಜನ ಡೇರೆಯಲ್ಲೇ ಊಟ ಮಾಡಿ, ಮಧ್ಯಾಹ್ನ ನಿದ್ದೆ ಮಾಡಿ ಏಳುವುದು. ಗೂಟ ಹೊಡೆಯಲು ಕಾಂಕ್ರೀಟಿನಲ್ಲಿ ಆಗುವುದಿಲ್ಲವಲ್ಲ, ಹಗ್ಗಗಳನ್ನು ನೀರಿನ ಟಾಕಿಯ ಕಾಲಿಗೂ ಇಟ್ಟಿಗೆಗೂ ಕಟ್ಟಿದೆವು. ಎದ್ದು ನಿಂತಾಗ ಡೇರೆ ನಮ್ಮ ಮನೆಯ ಹಾಲ್‌ಗಿಂತ ದೊಡ್ಡದಾಯಿತು. "ಮೂಗಿಗಿಂತ ಮೂಗುತಿ ಭಾರ," ಎಂದರು ನಮ್ಮವರು ಬಾಗಿಲಲ್ಲಿ ನಿಂತು.

ಆಮೇಲೆ ನಾನು ಮಾಡಿದ್ದನ್ನು ಮುಂಬಯಿಯ ಯಾವ ಹೆಂಗಸಾದರೂ ಮಾಡುತ್ತಿದ್ದಳು. ಮಳೆಗಾಲ ಬಂತೆಂದರೆ ಈ ಊರಿನಲ್ಲಿ ನೀಲಿ ತಾಡಪತ್ರಿ ಹೊದೆಯದ ವಸ್ತು ಇಲ್ಲ. ಚಾಳಿನ ಹೆಂಚು, ಅಂಗಡಿಯ ಮುಂಗಟ್ಟು, ನಿಂತ ಸ್ಕೂಟರ್, ಎಲ್ಲಕ್ಕೂ ತಾಡಪತ್ರಿ. ಒಂದು ಪದರಕ್ಕಿಂತ ಎರಡು ಭದ್ರ, ಎರಡಕ್ಕಿಂತ ಮೂರು. ನಾನು ಎರಡೂ ಕಿಂಡಿ ಮುಚ್ಚಿ, ಡೇರೆಯ ಮೇಲಿನಿಂದ ನೆಲದ ತನಕ ತಾಡಪತ್ರಿ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಹೇರಿ, ಒಳಗೆ ಹೋಗಿ ಜಿಪ್ ಎಳೆದೆ. ಸೊಳ್ಳೆ ಬರಲಿ ನೋಡೋಣ ಎಂದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಥರ್ಮಾಸಿನಲ್ಲಿ ಚಹಾ. ಹೊರಗೆ ಮಳೆ ಧೋ ಎಂದು ಶುರುವಾಯಿತು. ಆರು ಜನ ಸಾಲಾಗಿ ಮಲಗಿದೆವು. ಮಳೆಯ ಸದ್ದಿಗೆ ಹಾಯಾಗಿ ನಿದ್ದೆ ಹತ್ತಿತು.

ಎಚ್ಚರವಾದದ್ದು ವಿಜಾಪುರದವಳ ಕೆಮ್ಮಿಗೆ. ಅವಳ ಹಣೆಯ ಮೇಲೆ ಹನಿ ಬಿದ್ದಿತ್ತು. ತಲೆಯೆತ್ತಿದರೆ ಚಾವಣಿಯ ತುಂಬ ಹನಿ ಸಾಲುಗಟ್ಟಿದ್ದವು, ಗೋಡೆಯ ಮೇಲೆ ನೀರಿನ ಗೆರೆ, ಚಾದರ ಎಲ್ಲ ತಣ್ಣಗೆ ಹಸಿ. ಅವಳು ಎದ್ದು ಕೂತು ಬಾಯಿಗೆ ಔಷಧದ ಪಂಪು ಹಿಡಿದಳು. ಎದೆಯ ಸೀಟಿ ನಮಗೆಲ್ಲ ಕೇಳುತ್ತಿತ್ತು. ಸಂಜೆ ಗಂಡ ಬಂದು ಕರೆದುಕೊಂಡು ಹೋದರು. ಬಯ್ಯಲಿಲ್ಲ. "ಸಾಕ ಬಿಡ್ರಿ ವೈನಿ. ಅಡ್ಡಿಲ್ಲ," ಎಂದರಷ್ಟೇ. ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳು ನನ್ನನ್ನು ನೋಡಿದಳು. ನಾನು ಅಷ್ಟು ನೊಂದದ್ದು ಇತ್ತೀಚೆಗೆ ನೆನಪಿಲ್ಲ. ಒಳಗಿನ ನೀರೆಲ್ಲ ಒರೆಸಿ, ಡೇರೆಯನ್ನು ಟೆರೇಸಿನಲ್ಲೇ ಹಾಗೆ ಬಿಟ್ಟು ಕೆಳಗೆ ಬಂದೆ.

ಮರುದಿನ ಬೆಳಿಗ್ಗೆ ರಜೆ ಹಾಕಿದೆ. ಅಂಧೇರಿಗೆ ಹೋಗಿ ಆ ನಿಪ್ಪಾಣಿಯವನ ಬೆವರಿಳಿಸಬೇಕು ಎಂದು ನಿರ್ಧರಿಸಿದ್ದೆ. ಸಿಟ್ಟಿನಲ್ಲೇ ರೊಟ್ಟಿ ಬಡಿದು ಡಬ್ಬಿಗೆ ತುರುಕಿ ಮುಚ್ಚಿದೆ.

"ಅಂವಂದೇನ ತಪ್ಪದ?" ಎಂದರು ನಮ್ಮವರು. "ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕ ಅಂದ್ಲಂತ."

"ಸೋರೂ ಟೆಂಟ್ ಮಾರಿದಾಂವಗ ಆರತಿ ಎತ್ತಲೇನು?"

ಅವರು ಡಬ್ಬಿ ಬಿಚ್ಚಿದರು. ಮುಚ್ಚಳ ಎತ್ತಿ ನನ್ನ ಮುಖದ ಮುಂದೆ ಹಿಡಿದರು. "ನೋಡ, ಮತ್ತ ಬೆವತಾವ ರೊಟ್ಟಿ. ಈ ಡಬ್ಬಿಯಾಗ ಏನ ಮಳಿ ಬಿತ್ತೇನು? ರೊಟ್ಟಿ ಉಗಿ ರೊಟ್ಟಿ ಮ್ಯಾಲೇ ಬೀಳ್ತದ ಅಂತ ಲಗ್ನ ಆದಾಗಿಂದ ಬಡಕೊಳ್ಳಿಕ್ಕೆ ಹತ್ತೇನಿ."

ಮುಚ್ಚಳದ ಒಳಮೈ ತುಂಬ ಸಣ್ಣ ಸಣ್ಣ ಹನಿ. ನಿನ್ನೆ ಚಾವಣಿಯಲ್ಲಿ ಕಂಡದ್ದು ಇದೇ. ಸೋರುವ ಮನೆ ಒಂದು ಕಡೆ ಸೋರುತ್ತದೆ, ಹೀಗೆ ಎಲ್ಲ ಕಡೆ ಸಮನಾಗಿ ಸೋರುವುದಿಲ್ಲ. ನಾನು ಟೆರೇಸಿಗೆ ಓಡಿದೆ. ಲಿಫ್ಟಿಗೂ ಕಾಯಲಿಲ್ಲ. ಹಿಂದಿನ ರಾತ್ರಿಯಿಡೀ ಮಳೆ ಹೊಡೆದಿತ್ತು, ಟೆರೇಸಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ತಾಡಪತ್ರಿ ಸರಿಸಿ, ಜಿಪ್ ತೆಗೆದು ಒಳಗೆ ಕೈ ಹಾಕಿದೆ. ನೆಲ ಒಣಗಿತ್ತು. ಗೋಡೆ ಒಣಗಿತ್ತು. ಹೊಲಿಗೆಯ ಉದ್ದಕ್ಕೂ ಬೆರಳು ಎಳೆದೆ, ಚೂರೂ ತೇವವಿಲ್ಲ. ಯಾರೂ ಮಲಗದ ಡೇರೆ ರಾತ್ರಿಯೆಲ್ಲ ಮಳೆಯಲ್ಲಿ ನಿಂತು ಬೆಚ್ಚಗೆ ಒಣಗಿತ್ತು. ನಿನ್ನೆ ನಮ್ಮ ಮೇಲೆ ಬಿದ್ದದ್ದು ಮಳೆಯಲ್ಲ, ಆರು ಜನರ ಉಸಿರು, ಬಿಸಿ ಚಹಾದ ಉಗಿ, ನಾನು ಕಿಂಡಿ ಮುಚ್ಚಿ ಮೂರು ಪದರ ಹೊದಿಸಿ ಒಳಗೇ ಕೂಡಿಹಾಕಿದ ಹಬೆ. ಹುಡುಗ ಆ "ಆದ್ರ"ದ ಮುಂದೆ ಏನು ಹೇಳುವವನಿದ್ದ ಎಂಬುದು ಈಗ ಹೊಳೆಯಿತು. ನಾನು ಅಲ್ಲೇ, ನಿಂತ ನೀರಿನಲ್ಲಿ, ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಕೆಳಗೆ ಬಂದು ರೊಟ್ಟಿಗಳನ್ನು ಬಿದಿರು ಬುಟ್ಟಿಗೆ ಹಾಕಿ ಮೇಲೊಂದು ಬಟ್ಟೆ ಮುಚ್ಚಿ ನಮ್ಮವರ ಮುಂದಿಟ್ಟೆ. ಅವರು ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. "ಇವತ್ತ ಸೂರ್ಯ ಯಾವ ಕಡೆ ಹುಟ್ಯಾನ?" ಎಂದರು.

ಮುಂದಿನ ಭಾನುವಾರ ವಿಜಾಪುರದವಳ ಗಂಡನನ್ನು ಊಟಕ್ಕೆ ಕರೆದೆ. ಹೆಂಡತಿಯನ್ನು ಕರೆತಂದರು, ಆದರೆ ಅವಳ ಕೊರಳಿಗೆ ಮಫ್ಲರ್ ಸುತ್ತಿಯೇ. ಊಟ ಎಲ್ಲಿ ಎಂದರೆ ಟೆರೇಸಿನಲ್ಲಿ, ಡೇರೆಯೊಳಗೆ, ಆರೂ ಗೆಳತಿಯರ ಜೊತೆ. ತಾಡಪತ್ರಿಯನ್ನು ಈ ಸಲ ಬಾಗಿಲ ಮುಂದೆ ಎತ್ತರಕ್ಕೆ ಚಪ್ಪರದ ಹಾಗೆ ಕಟ್ಟಿದ್ದೆ, ಚಪ್ಪಲಿ ಬಿಡಲು. ನೆತ್ತಿಯ ಎರಡು ಕಿಂಡಿಯೂ ತೆರೆದಿದ್ದವು. ಕಿಂಡಿಗಳ ಮೇಲೆ ಹೊದಿಕೆಯ ರೆಪ್ಪೆ ಇತ್ತು, ಮಳೆ ಒಳಗೆ ಬರದೆ ಉಗಿ ಮಾತ್ರ ಹೊರಗೆ ಹೋಗುವಂತೆ. ಅದನ್ನು ನಾನು ಮೊದಲೇ ನೋಡಬಹುದಿತ್ತು, ಇರಲಿ.

ಆದರೆ ಮುಂಬಯಿಯ ಮಳೆಯ ಸ್ವಭಾವ ಗೊತ್ತಲ್ಲ. ಒಣಗಿಸಲು ಸೀರೆ ಹಾಕಿದರೆ ಬರುತ್ತದೆ, ಬೇಕು ಎಂದಾಗ ಮುಖ ತಿರುಗಿಸುತ್ತದೆ. ಆಕಾಶ ಬೂದಿಯ ಬಣ್ಣಕ್ಕೆ ನಿಂತಿತ್ತು, ಹನಿಯಿಲ್ಲ. ನಾನು ಡೇರೆಯ ಬಾಗಿಲಿಂದ ನಮ್ಮವರ ಕಡೆ ನೋಡಿದೆ. ಅವರು ಎದ್ದು, ಪ್ಯಾಂಟ್ ಮಡಚಿ, ಟಾಕಿಯ ಏಣಿ ಹತ್ತಿ, ಟೆರೇಸ್ ತೊಳೆಯುವ ಪೈಪು ಹಿಡಿದು ಡೇರೆಯ ನೆತ್ತಿಯ ಮೇಲೆ ನೀರು ಬಿಟ್ಟರು. ಬಿಟ್ಟರೆ ಹೇಗೆ, ವರ್ಷಗಳ ಸಿಟ್ಟೆಲ್ಲ ತೀರುವ ಹಾಗೆ. "ಸಾಕೇನು? ಇನ್ನಷ್ಟ ಬೇಕೇನು?" ಎಂದು ಮೇಲಿನಿಂದ ಕೂಗುತ್ತಿದ್ದರು. ಒಳಗೆ ನಾವು ಬುಟ್ಟಿಯ ರೊಟ್ಟಿ ತಿಂದೆವು, ಚಹಾ ಕುಡಿದೆವು, ಮತ್ತೊಂದು ಸುತ್ತು ಚಹಾ ಕುಡಿದೆವು, ಬೇಕೆಂದೇ ಬಾಯಿ ತುಂಬ ಮಾತಾಡಿದೆವು. ಆಮೇಲೆ ವಿಜಾಪುರದವಳ ಗಂಡ ಜೇಬಿನಿಂದ ಕರವಸ್ತ್ರ ತೆಗೆದು ಗೋಡೆ ಒರೆಸಿದರು. ಮೂಲೆ ಒರೆಸಿದರು. ಮೊಣಕಾಲೂರಿ ಎದ್ದು ಚಾವಣಿ ಒರೆಸಿದರು. ಕರವಸ್ತ್ರವನ್ನು ಕೆನ್ನೆಗೆ ಹಿಡಿದು ನೋಡಿದರು.

"ಹೋಗಿ ಬರ್ರಿ," ಎಂದರು ಹೆಂಡತಿಯ ಕಡೆ ನೋಡಿ. ಅವಳು ಮಫ್ಲರ್ ಬಿಚ್ಚಿ ಅವರ ಕೈಗೆ ಕೊಟ್ಟಳು.

ಬದಲಾಪುರಕ್ಕೆ ಲೋಕಲ್ಲಿನಲ್ಲೇ ಹೋದೆವು, ಡೇರೆಯ ಚೀಲವನ್ನು ಬಾಗಿಲ ಪಕ್ಕ ನಿಲ್ಲಿಸಿಕೊಂಡು. "ಯೇ ಕ್ಯಾ ಹೈ?" ಎಂದು ಕೇಳಿದವರಿಗೆಲ್ಲ ಮಂಗಳೂರಿನವಳು "ಹಮಾರಾ ಬಂಗ್ಲಾ" ಎಂದಳು. ಅವತ್ತು ಎಲ್ಲರೂ ಒಂದೇ ಸ್ಟೇಷನ್ನಿನಲ್ಲಿ ಇಳಿದೆವು. ತೋಟದಲ್ಲಿ ತಗ್ಗು ಬಿಟ್ಟು ಸ್ವಲ್ಪ ದಿಬ್ಬದ ಮೇಲೆ ಜಾಗ ಹುಡುಕಿದೆವು. ಈ ಸಲ ನಿಜವಾದ ಮಣ್ಣು, ನಿಜವಾದ ಗೂಟ. ದೀಪ ಹಚ್ಚುವ ಹೊತ್ತಿಗೆ ಸಹ್ಯಾದ್ರಿಯ ಕಡೆಯಿಂದ ಗಾಳಿ ಎದ್ದಿತು, ಅದರ ಹಿಂದೆಯೇ ಮಳೆ. ಟೆರೇಸಿನ ಪೈಪು ಈ ಮಳೆಯ ಮುಂದೆ ಏನೂ ಅಲ್ಲ. ಗಳಗಳು ಬಗ್ಗಿದವು, ಮತ್ತೆ ನೆಟ್ಟಗಾದವು. ಗೋಡೆ ಉಬ್ಬಿ ಇಳಿಯಿತು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದು ನಿಜ. ಆಮೇಲೆ ಕೈ ಬಿಟ್ಟು ಊಟಕ್ಕೆ ಕೂತೆವು. ಡೇರೆ ನಿಂತಿತ್ತು.

ಬೆಳಗಾದಾಗ ಮಳೆ ಇನ್ನೂ ಸುರಿಯುತ್ತಿತ್ತು. ನಾನು ಕಣ್ಣು ಬಿಟ್ಟ ಕೂಡಲೇ ಕೈ ಚಾಚಿ ಗೋಡೆ ಮುಟ್ಟಿದೆ. ಒಣಗಿತ್ತು. ಪಕ್ಕದಲ್ಲಿ ಮಲಗಿದ್ದ ವಿಜಾಪುರದವಳ ಚಾದರ ಮುಟ್ಟಿದೆ. ಒಣಗಿತ್ತು. ಕಿವಿಗೊಟ್ಟು ಕೇಳಿದೆ. ಅವಳ ಎದೆಯಲ್ಲಿ ಸೀಟಿಯಿರಲಿಲ್ಲ, ಸಣ್ಣಗೆ ಗೊರಕೆ ಇತ್ತು. ಗೆದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಊರು ಗೆದ್ದವರಿಗೂ ಅಷ್ಟು ಸಂತೋಷ ಆಗಿರಲಾರದು.

ಒಬ್ಬೊಬ್ಬರಾಗಿ ಎಲ್ಲರೂ ಎಚ್ಚರಾದರು, ಯಾರೂ ಏಳಲಿಲ್ಲ. ಮರಾಠಿ ಗೆಳತಿ ಮಲಗಿದಲ್ಲಿಂದಲೇ, ಲೋಕಲ್ಲಿನಲ್ಲಿ ಮುಂದಿನ ಸ್ಟೇಷನ್ ಸಾರುವ ಹೆಂಗಸಿನ ಧ್ವನಿಯಲ್ಲಿ, ಎಳೆದು ಎಳೆದು ಹೇಳಿದಳು, "ಪುಢೀಲ್ ಸ್ಟೇಷನ್, ದಾದರ್."

ವಿಜಾಪುರದವಳು ಚಾದರವನ್ನು ಗದ್ದದ ತನಕ ಎಳೆದುಕೊಂಡಳು.

"ಇವತ್ತ ನಾ ಇಳಿಯಂಗಿಲ್ಲ," ಎಂದಳು. ಆಮೇಲೆ ನನ್ನ ಕಡೆ ಹೊರಳಿದಳು. "ಮುಹೂರ್ತ ಹತ್ರ ಬಂತು, ಹುಡುಗ ಇಲ್ಲ. ಮುಂದ ಹೇಳ."

ಹೇಳಿದೆ. ಛತ್ರ ಹುಡುಕಿದರು, ಬಸ್ ಸ್ಟ್ಯಾಂಡ್ ಹುಡುಕಿದರು, ನನ್ನ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಕೊನೆಗೆ ನನ್ನ ಸೋದರತ್ತೆ ತುಪ್ಪ ತರಲು ಅಡಿಗೆ ಮನೆಯ ಹಿತ್ತಲಿಗೆ ಹೋದರೆ, ಬಾಸಿಂಗ ಕಟ್ಟಿಕೊಂಡ ಮದುಮಗ ರೊಟ್ಟಿ ಬಡಿಯುವ ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಹಂಚಿನಿಂದ ಇಳಿದ ಹಾಗೆ ಒಂದೊಂದೇ ರೊಟ್ಟಿ ತಿನ್ನುತ್ತಿದ್ದಾನೆ. ಪಂಕ್ತಿಗೆ ಬಡಿಸುವ ಹೊತ್ತಿಗೆ ಅವು ಬೆವತು ಮೆತ್ತಗಾಗುತ್ತವೆ, ಅದಕ್ಕೇ ಬಂದೆ ಎಂದನಂತೆ.

ಅವಳು ನಕ್ಕಳು. ಹೊಟ್ಟೆ ಹಿಡಿದು, ಕಾಲು ಬಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾವು ಐದೂ ಜನ ಅವಳ ಕೆಮ್ಮಿಗಾಗಿ ಉಸಿರು ಹಿಡಿದು ಕಾದೆವು. ಕೆಮ್ಮು ಬರಲಿಲ್ಲ.

"ಇನ್ನೊಂದ ಹೇಳ," ಎಂದಳು.